ಅರ್ಬುದವೂ ವಂಶವಾಹಿಯೂ

ಅರ್ಬುದವೆಂಬ ಶಬ್ದಕ್ಕೆ ಸಂಸ್ಕೃತ ನಿಘಂಟುಗಳು ಹೇಳುವ ಅರ್ಥಗಳು ಒಂದೆರಡಲ್ಲ. ಅದು ಒಂದು ಪರ್ವತದ ಹೆಸರು; ಒಂದು ಸರ್ಪದ ಹೆಸರು; ಗಣಿತಜ್ಞರಿಗೆ ಹತ್ತು ಕೋಟಿಯೆಂಬ ಸಂಖ್ಯೆ; ವೈದ್ಯರಿಗೆ ಶರೀರದಲ್ಲಿ ಮಾಂಸವು ಬೆಳೆದು ಕಟ್ಟಿಕೊಂಡ ಗಂಟು. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚಿ, ಗಲಗಂಡಗಳ ಜೊತೆಗೆ ಇದರ ಲಕ್ಷಣವೂ ಬಂದಿದೆ. ಅದು ದುಂಡಾದುದು, ಅಲುಗದೆ ನಿಂತುದು, ಹೆಚ್ಚು ನೋವಿಲ್ಲದುದು, ಆಳವಾಗಿ ಬೇರೂರಿ ಬಹುಕಾಲ ಬೆಳೆಯತಕ್ಕದ್ದು, ಕೀವುಗಟ್ಟದೆ ಇರತಕ್ಕದ್ದು. ಅದೇ ಗ್ರಂಥದ ಶಾರೀರಸ್ಥಾನದಲ್ಲಿ ಗರ್ಭವು ಎರಡನೆಯ ತಿಂಗಳಲ್ಲಿ ತಾಳುವ ಆಕಾರಗಳಲ್ಲೊಂದಕ್ಕೂ ಇದೇ ಹೆಸರನ್ನಿಟ್ಟಿದೆ. ರೋಗದ ಗಂಟಿಗೂ ಹುಟ್ಟಲಿರುವ ಶಿಶುವಿನ ಪಿಂಡಕ್ಕೂ ಒಂದೇ ನಾಮಧೇಯ! ಪೂರ್ವಿಕರು ಕಣ್ಣಿಗೆ ಕಂಡ ಆಕಾರಸಾಮ್ಯವನ್ನು ನೋಡಿ ಹಾಗೆ ಮಾಡಿದರೆಂಬುದರಲ್ಲಿ ಸಂದೇಹವಿಲ್ಲ. ಈಗಿನ ವಿಜ್ಞಾನವನ್ನು ಅವರ ಬಾಯಲ್ಲಿ ತುರುಕುವ ಚಾಪಲ್ಯವು ನನಗಿಲ್ಲ; ಅಂತಹ ಲೇಖನಗಳು ಈಚೆಗೆ ಬೇಕಾದಷ್ಟು ಬರುತ್ತಿವೆ. ಆದರೂ ಆ ಹೆಸರಿನ ಜೋಡಣೆ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ.

ಈ ಶಬ್ದವು ನಿಘಂಟನ್ನು ಬಿಟ್ಟು ನಮ್ಮ ಮನೆಯೊಳಕ್ಕೆ ಬಂದುದು ೨೦೧೯ನೆಯ ಇಸವಿಯಲ್ಲಿ. ನನ್ನ ಪತ್ನಿಯ ಕತ್ತಿನ ಎಡಭಾಗದಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಗಂಟೊಂದು ಕಾಣಿಸಿಕೊಂಡಿತು. ನೋವಿಲ್ಲ, ಜ್ವರವಿಲ್ಲ, ಊಟ ನಿದ್ರೆಗಳಲ್ಲಿ ವ್ಯತ್ಯಾಸವಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಗಂಟಿನ ಚೂರನ್ನು ತೆಗೆದು ಪರೀಕ್ಷಿಸಿ, ಇದು ಫಾಲಿಕ್ಯುಲರ್ ಲಿಂಫೋಮಾ, ಅಂದರೆ ರಕ್ತದ ಬಿಳಿಯ ಕಣಗಳಲ್ಲಿ ಹುಟ್ಟತಕ್ಕ ಒಂದು ಬಗೆಯ ಕ್ಯಾನ್ಸರು ಎಂದರು. ಅನಂತರ ಅವರು ಹೇಳಿದ ಎರಡು ಮಾತುಗಳು ನಮ್ಮನ್ನು ಇನ್ನೂ ಹೆಚ್ಚಾಗಿ ಕಂಗೆಡಿಸಿದವು. ಮೊದಲನೆಯದು, ಸದ್ಯಕ್ಕೆ ಯಾವ ಚಿಕಿತ್ಸೆಯೂ ಬೇಡ, ಆರಾರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕು ಎಂಬುದು. ಎರಡನೆಯದು, ವರದಿಯಲ್ಲಿದ್ದ ಒಂದು ಪಂಕ್ತಿ. ಅಲ್ಲಿದ್ದ ಕಿರಿಯ ವೈದ್ಯರೊಬ್ಬರು ಅದನ್ನು ಕನ್ನಡದಲ್ಲಿ, “ಬಿಸಿಎಲ್-೨ ಎಂಬ ವಂಶವಾಹಿ ತನ್ನ ಜಾಗ ಬಿಟ್ಟು ಬೇರೆ ಕಡೆ ಸೇರಿದೆ” ಎಂದು ವಿವರಿಸಿದರು.

ಆ ಹೊತ್ತಿಗೆ ಮಗಳಿಗೆ ಸಂಬಂಧದ ಮಾತು ನಡೆಯುತ್ತಿತ್ತು. ಆಸ್ಪತ್ರೆಗೆ ನಮ್ಮ ಜೊತೆಯಲ್ಲಿ ಬಂದಿದ್ದ ನೆಂಟರೊಬ್ಬರ ಮೂಲಕ ಈ ವಾಕ್ಯವು ಊರು ಸೇರಿತು. ಸೇರುವಷ್ಟರಲ್ಲಿ ಅದು “ವಂಶದಲ್ಲೇ ದೋಷವಂತೆ” ಎಂದಾಗಿತ್ತು. ಗಂಡಿನ ಕಡೆಯವರು ಜಾತಕವನ್ನು ಹಿಂದಕ್ಕೆ ಕಳುಹಿಸಿದರು. ಕಾರಣವನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ರೋಗದ ಸುದ್ದಿಯನ್ನು ಕೇಳಿದಾಗ ಅಳದಿದ್ದ ನನ್ನ ಪತ್ನಿ ಅಂದು ರಾತ್ರಿ, “ಏನೂಂದ್ರೆ, ನನಗೆ ಬಂದದ್ದು ನನಗಿರಲಿ. ಮಗೂಗೂ ಇದನ್ನ ಬಳುವಳಿಯಾಗಿ ಕೊಟ್ಟುಬಿಟ್ಟೆನೇ?” ಎಂದು ಕೇಳಿದಳು. ಮೂವತ್ತೈದು ವರ್ಷ ಪಾಠ ಹೇಳಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಆ ಉತ್ತರವನ್ನು ಹುಡುಕಿಕೊಂಡು ಹೋದುದರ ಫಲವೇ ಈ ಬರೆಹ. ವೈದ್ಯವಿಷಯದಲ್ಲಿ ನಾನು ಅನಧಿಕಾರಿ. ಓದಿ, ತಿಳಿದವರನ್ನು ಕೇಳಿ, ಗ್ರಹಿಸಿದಷ್ಟನ್ನು ನಿವೇದಿಸುತ್ತೇನೆ. ನನ್ನಲ್ಲಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಓದಿದ ಹೆಣ್ಣುಮಗಳೊಬ್ಬಳು ಈಗ ಜೀವಶಾಸ್ತ್ರದ ಸಂಶೋಧನೆಯಲ್ಲಿದ್ದಾಳೆ. ದಸರಾ ರಜಕ್ಕೆ ಊರಿಗೆ ಬಂದವಳು ನಮ್ಮ ಮನೆಯ ಜಗಲಿಯ ಮೇಲೆ ಮೂರು ದಿನ ಕುಳಿತು ನನಗೆ ಪಾಠ ಹೇಳಿದಳು. ಆಕೆಯ ಮೊದಲನೆಯ ಮಾತು ಇದು: “ಮೇಷ್ಟ್ರೇ, ಕ್ಯಾನ್ಸರು ತರೋದಕ್ಕೆ ಅಂತಲೇ ನಮ್ಮೊಳಗೆ ಯಾವ ಜೀನೂ ಇಲ್ಲ. ಇರೋದೆಲ್ಲ ಬದುಕೋದಕ್ಕೆ. ಕೆಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದರಿಂದ ಅವಕ್ಕೆ ಆ ಕೆಟ್ಟ ಹೆಸರು ಬಂತು.” ಕಳುವಾದ ನಮ್ಮ ಮನೆಯ ತಂಬಿಗೆ ಕಳ್ಳನ ಮನೆಯಲ್ಲಿ ಸಿಕ್ಕಿತೆಂದು ಅದನ್ನು ಕಳ್ಳತಂಬಿಗೆಯೆಂದು ಕರೆದಂತೆ!

ಈ ತಿಳಿವಳಿಕೆ ವಿಜ್ಞಾನಿಗಳಿಗೂ ತಡವಾಗಿಯೇ ಬಂದಿತು. ೧೯೧೧ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಎಂಬವರು ಕೋಳಿಗಳಲ್ಲಿ ಕ್ಯಾನ್ಸರನ್ನುಂಟುಮಾಡುವ ಒಂದು ವೈರಾಣುವನ್ನು ಪ್ರಕಟಿಸಿದರು. ಆ ವೈರಾಣುವಿನಲ್ಲಿ ಅಪಾಯಕರವಾದ ಒಂದು ವಂಶವಾಹಿಯುಂಟೆಂದೂ, ಅದು ಹೊರಗಿನಿಂದ ಬಂದ ಶತ್ರುವೆಂದೂ ಬಹುಕಾಲ ಎಣಿಸಿದ್ದರು. ೧೯೭೬ರಲ್ಲಿ ಕ್ಯಾಲಿಫೋರ್ನಿಯದ ಬಿಷಪ್, ವಾರ್ಮಸ್ ಎಂಬವರೂ ಅವರ ಸಂಗಡಿಗರೂ ಹುಡುಕಿ ನೋಡಿದರೆ, ಅದೇ ವಂಶವಾಹಿಯು ಆರೋಗ್ಯವಾದ ಕೋಳಿಯ ಮೈಯಲ್ಲಿಯೂ ಇದೆ, ಬೇರೆ ಪಕ್ಷಿಗಳಲ್ಲಿಯೂ ಇದೆ! ವೈರಾಣುವೇ ಅದನ್ನು ಯಾವ ಕಾಲದಲ್ಲಿಯೋ ಕೋಳಿಯಿಂದ ಎತ್ತಿಕೊಂಡು ಹೋಗಿತ್ತು. ಈ ಕೆಲಸಕ್ಕೆ ೧೯೮೯ರ ನೊಬೆಲ್ ಬಹುಮಾನ ಬಂದಿತು.

ಇನ್ನು ನಮ್ಮ ಮನೆಗೆ ಸಂಬಂಧಿಸಿದ ಬಿಸಿಎಲ್-೨ರ ವಿಷಯ. ಬಿಳಿಯ ಕಣಗಳಲ್ಲಿ ‘ಬಿ’ ಎಂಬ ಜಾತಿಯವು ರೋಗಕ್ರಿಮಿಗಳನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸತಕ್ಕವು. ಲೋಕದಲ್ಲಿರುವ ಕ್ರಿಮಿಗಳೆಷ್ಟೋ ಅಷ್ಟಕ್ಕೂ ಒಂದೊಂದು ವಂಶವಾಹಿಯನ್ನು ಇಟ್ಟುಕೊಳ್ಳುವುದು ಅಸಾಧ್ಯ. ಆದಕಾರಣ ಈ ಕೋಶಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುವಾಗ ಹದಿನಾಲ್ಕನೆಯ ವರ್ಣತಂತುವಿನ ಕೆಲವು ತುಂಡುಗಳನ್ನು ಕತ್ತರಿಸಿ, ನಾನಾ ವಿಧವಾಗಿ ಕೂಡಿಸಿಕೊಳ್ಳುತ್ತವೆ. ಕೆಲವೇ ಧಾತುಗಳಿಗೆ ಕೆಲವೇ ಪ್ರತ್ಯಯಗಳನ್ನು ಹತ್ತಿಸಿ ಅಸಂಖ್ಯಾತ ಪದಗಳನ್ನು ಸಾಧಿಸಬಹುದೆಂಬುದು ವ್ಯಾಕರಣವನ್ನು ಓದಿದವರಿಗೆ ಹೊಸ ಮಾತಲ್ಲ. ಈ ಕತ್ತರಿಸಿ ಕೂಡಿಸುವ ಕೆಲಸದಲ್ಲಿ ಯಾವಾಗಲೋ ಒಮ್ಮೆ ಸಂಧಿ ತಪ್ಪಿ, ಹದಿನಾಲ್ಕನೆಯದರ ತುದಿಗೆ ಹದಿನೆಂಟನೆಯ ವರ್ಣತಂತುವಿನ ತುಂಡು ಬಂದು ಅಂಟಿಕೊಳ್ಳುತ್ತದೆ. ಆ ತುಂಡಿನಲ್ಲಿರುವುದೇ ಬಿಸಿಎಲ್-೨. ಮೊದಲು ಮಿತವಾಗಿ, ಬೇಕಾದಾಗ ಮಾತ್ರ ಕೆಲಸ ಮಾಡುತ್ತಿದ್ದ ಅದು, ಈಗ ಪ್ರತಿಕಾಯವನ್ನು ಮಾಡಿಸುವ ಆಜ್ಞೆಯ ಕೆಳಗೆ ಬಿದ್ದು, ಹಗಲಿರುಳೂ ದುಡಿಯತೊಡಗುತ್ತದೆ. ೧೯೮೪-೮೫ರ ಸುಮಾರಿಗೆ ಫಿಲಡೆಲ್ಫಿಯದಲ್ಲಿ ತ್ಸುಜಿಮೊಟೊ, ಕ್ರೋಚೆ ಎಂಬವರು ಇದನ್ನು ಕಂಡುಹಿಡಿದರು. ನನ್ನ ಪತ್ನಿಗೆ ಬಂದ ಬಗೆಯ ರೋಗದಲ್ಲಿ ಹತ್ತಕ್ಕೆ ಎಂಟೊಂಬತ್ತು ಮಂದಿಯಲ್ಲಿ ಈ ತಪ್ಪುಸಂಧಿಯೇ ಮೂಲ.

ಆದರೆ ಆ ವಂಶವಾಹಿಯ ಕೆಲಸವೇನು? ಕ್ಯಾನ್ಸರೆಂದರೆ ಕೋಶಗಳು ಮಿತಿಮೀರಿ ಹೆಚ್ಚುವುದಾದ್ದರಿಂದ, ಇದೂ ಹೆಚ್ಚಿಸತಕ್ಕ ವಂಶವಾಹಿಯೇ ಇರಬೇಕೆಂದು ಎಲ್ಲರೂ ಊಹಿಸಿದ್ದರು. ೧೯೮೮ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿ ಡೇವಿಡ್ ವಾಕ್ಸ್, ಸುಜಾನ್ ಕೋರಿ, ಜೆರ್ರಿ ಆಡಮ್ಸ್ ಎಂಬವರು ಮಾಡಿದ ಪರೀಕ್ಷೆ ನನಗೆ ಬಹಳ ಮೆಚ್ಚಿಕೆಯಾಯಿತು. ನಮ್ಮ ತರ್ಕಶಾಸ್ತ್ರದ ಅನ್ವಯ ವ್ಯತಿರೇಕಗಳು ಕಣ್ಣಮುಂದೆ ನಡೆದಂತಿದೆ. ರಕ್ತದ ಕೆಲವು ಕೋಶಗಳು ಪಾತ್ರೆಯಲ್ಲಿ ಬದುಕಿರಬೇಕಾದರೆ ಒಂದು ಪೋಷಕ ದ್ರವ್ಯ ಇರಬೇಕು. ಅದನ್ನು ತೆಗೆದರೆ ಬೇಗನೆ ಸಾಯುತ್ತವೆ. ಇವರು ಅಂತಹ ಕೋಶಗಳಿಗೆ ಬಿಸಿಎಲ್-೨ನ್ನು ಸೇರಿಸಿ, ಆಮೇಲೆ ಪೋಷಕವನ್ನು ತೆಗೆದರು. ಸಾಮಾನ್ಯ ಕೋಶಗಳು ಸತ್ತವು, ಇವು ಸಾಯಲಿಲ್ಲ. ಆದರೆ ಹೆಚ್ಚಲೂ ಇಲ್ಲ! ಬರಗಾಲದಲ್ಲಿ ಉಸಿರು ಹಿಡಿದುಕೊಂಡು ಕುಳಿತವರಂತೆ ಸುಮ್ಮನೆ ಇದ್ದವು. ಪೋಷಕವನ್ನು ಮರಳಿ ಕೊಟ್ಟಾಗ ಎದ್ದು ಹೆಚ್ಚತೊಡಗಿದವು. ಇದರಿಂದ ಬಿಸಿಎಲ್-೨ರ ಧರ್ಮವು ವೃದ್ಧಿಯಲ್ಲ, ರಕ್ಷಣೆ ಎಂದು ಸಿದ್ಧವಾಯಿತು. ಕಷ್ಟಕಾಲದಲ್ಲಿ ಕೋಶವನ್ನು ಸಾಯಗೊಡದೆ ಇರಿಸುವುದೇ ಅದರ ಕೆಲಸ. ವೈದ್ಯರು ನಮಗೆ ಕಾಯಿರಿ ಎಂದುದರ ಗುಟ್ಟು ಕೂಡ ಇದರಲ್ಲೇ ಇದೆಯೆಂದು ಆಗ ತಿಳಿಯಿತು. ನನ್ನ ಪತ್ನಿಯ ಕತ್ತಿನಲ್ಲಿದ್ದುವು ನಾಗಾಲೋಟದಿಂದ ಹೆಚ್ಚುತ್ತಿದ್ದ ಕೋಶಗಳಲ್ಲ. ಹೋಗಬೇಕಾದ ಹೊತ್ತಿಗೆ ಹೋಗದೆ ಉಳಿದವು. ಇಂತಹವು ಮೆಲ್ಲಗೆ ಶೇಖರವಾಗುತ್ತವೆ. ಗಂಟುಗಳು ಚಿಕ್ಕವಾಗಿದ್ದು ಬಾಧೆ ಕೊಡದಿರುವಾಗ ಕೂಡಲೇ ಔಷಧಿ ಕೊಟ್ಟುದರಿಂದ ಆಯುಸ್ಸು ಹೆಚ್ಚಿದುದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲವಂತೆ.

ಕೋಶಗಳು “ಹೋಗಬೇಕಾದ ಹೊತ್ತು” ಎಂದೆನಲ್ಲವೆ? ವಾಚಕರಿಗೆ ಇದು ವಿಚಿತ್ರವಾಗಿ ತೋರಬಹುದು. ವಯಸ್ಕರ ಶರೀರದಲ್ಲಿ ಸುಮಾರು ಮೂವತ್ತು ಲಕ್ಷ ಕೋಟಿ ಕೋಶಗಳುಂಟೆಂದು ಅಂದಾಜು. ನಮ್ಮ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಮೂರು ಲಕ್ಷ ಅರ್ಬುದಗಳು. ಅವುಗಳಲ್ಲಿ ದಿನದಿನವೂ ಸಾವಿರಾರು ಕೋಟಿಗಳು ತಾವಾಗಿಯೇ ಸಾಯುತ್ತವೆ. ಸುತ್ತಲಿನವಕ್ಕೆ ತೊಂದರೆಯಿಲ್ಲದೆ ಮುದುಡಿ, ಚೂರಾಗಿ, ನೆರೆಯ ಕೋಶಗಳಿಗೆ ಆಹಾರವಾಗಿಬಿಡುವ ಈ ಮರಣಕ್ಕೆ ೧೯೭೨ರಲ್ಲಿ ಕೆರ್, ವೈಲೀ, ಕರೀ ಎಂಬ ಮೂವರು ಆಪಾಪ್ಟೋಸಿಸ್ ಎಂಬ ಹೆಸರನ್ನಿಟ್ಟರು. ಸ್ಕಾಟ್ಲೆಂಡಿನ ಆಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಅಧ್ಯಾಪಕರಾದ ಜೇಮ್ಸ್ ಕಾರ್ಮ್ಯಾಕ್ ಎಂಬವರು ಆ ಪದವನ್ನು ಸೂಚಿಸಿದರಂತೆ. ಮರದಿಂದ ಎಲೆಯೂ ಹೂವಿನಿಂದ ಎಸಳೂ ಉದುರುವುದು ಎಂದು ಅದರ ಅರ್ಥ. ಪ್ರಯೋಗಶಾಲೆಯವರು ಒಂದು ಪದ ಬೇಕಾದಾಗ ಭಾಷೆಯ ಮೇಷ್ಟರ ಬಾಗಿಲಿಗೆ ಹೋದರೆಂಬುದನ್ನು ಓದಿ ನನಗಾದ ಸಂತೋಷವನ್ನು ನನ್ನ ವೃತ್ತಿಬಾಂಧವರು ಬಲ್ಲರು. ನಾನಾದರೆ ಅದನ್ನು ಪರ್ಣಪಾತವೆನ್ನುತ್ತಿದ್ದೆ.

ಎಲೆ ಉದುರುವ ಕ್ರಮವನ್ನೂ ಸಂಕ್ಷೇಪವಾಗಿ ಹೇಳಬೇಕು. ಕೋಶದೊಳಗೆ ಮೈಟೋಕಾಂಡ್ರಿಯಗಳೆಂಬ ಸಣ್ಣ ಸಣ್ಣ ಒಲೆಗಳುಂಟು. ಕೋಶದ ಶಕ್ತಿಯ ಬಹುಪಾಲು ಅಲ್ಲಿಂದ. ಕೋಶವು ಹಸಿವಿನಿಂದಲೋ ವಿಷದಿಂದಲೋ ಬಿಸಿಲಿನ ಕಿರಣದಿಂದಲೋ ತೀರ ಕೆಟ್ಟಾಗ, ಬ್ಯಾಕ್ಸ್, ಬ್ಯಾಕ್ ಎಂಬೆರಡು ದ್ರವ್ಯಗಳು ಆ ಒಲೆಯ ಗೋಡೆಯಲ್ಲಿ ತೂತು ಕೊರೆಯುತ್ತವೆ. ಒಳಗಿನ ಸೈಟೋಕ್ರೋಮ್ ಎಂಬ ವಸ್ತು ಹೊರಕ್ಕೆ ಸೋರುತ್ತದೆ. ಅದು ಸೋರಿತೆಂದರೆ ಕತ್ತರಿಗಳಂತಹ ಬೇರೆ ದ್ರವ್ಯಗಳು ಎಚ್ಚೆತ್ತು ಕೋಶವನ್ನು ತುಂಡರಿಸಿ ಹಾಕುತ್ತವೆ. ಬಿಸಿಎಲ್-೨ ಆ ಗೋಡೆಯ ಮೇಲೆ ಕಾವಲು ಕುಳಿತು ತೂತು ಕೊರೆಯುವವರ ಕೈಹಿಡಿದುಕೊಂಡಿರುತ್ತದೆ. ಸಣ್ಣಪುಟ್ಟ ಕಷ್ಟಕ್ಕೆಲ್ಲ ಕೋಶವು ಸಾಯದಿರಲೆಂದು ಈ ಏರ್ಪಾಡು.

ಈ ಕಾವಲುಗಾರನು ಇಲ್ಲದೆ ಹೋದರೆ ಏನಾಗುತ್ತದೆಂಬುದನ್ನೂ ನೋಡಿದ್ದಾರೆ. ೧೯೯೩ರಲ್ಲಿ ಅಮೆರಿಕದಲ್ಲಿ ಬಿಸಿಎಲ್-೨ ಇಲ್ಲದ ಇಲಿಗಳನ್ನು ಸೃಷ್ಟಿಸಿದರು. ಅವು ಹುಟ್ಟಿದುವು, ಆದರೆ ಅವುಗಳ ಬಿಳಿಯ ಕಣಗಳು ರಾಶಿ ರಾಶಿಯಾಗಿ ಸತ್ತವು, ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ತುಂಬಿದವು, ಕೆಲವೇ ವಾರಗಳಲ್ಲಿ ಮೈಯ ಕೂದಲು ನರೆಯಿತು. ಕೂದಲಿಗೆ ಬಣ್ಣ ಕೊಡುವ ಕೋಶಗಳು ಕೂಡ ಈ ವಂಶವಾಹಿಯ ಆಶ್ರಯದಲ್ಲಿಯೇ ಜೀವಿಸಿರತಕ್ಕವು. ಇದನ್ನು ಓದಿ ಹೇಳಿದಾಗ ನನ್ನ ಪತ್ನಿ ಕನ್ನಡಿಯ ಕಡೆಗೆ ನೋಡಿ, “ನನ್ನಲ್ಲಿ ಅದು ಅಷ್ಟೊಂದು ಹೆಚ್ಚಾಗಿದ್ದರೆ ತಲೆ ಯಾಕೆ ಬೆಳ್ಳಗಾಯಿತು?” ಎಂದಳು. ಹೆಚ್ಚಾದದ್ದು ರಕ್ತದ ಒಂದು ಜಾತಿಯ ಕೆಲವು ಕೋಶಗಳಲ್ಲಿ ಮಾತ್ರ, ಕೂದಲಿನ ಬೇರಿನಲ್ಲಿ ಅಲ್ಲ ಎಂದು ಸಮಜಾಯಿಷಿ ಹೇಳಿದೆ. “ಅಲ್ಲೂ ಸ್ವಲ್ಪ ಹೆಚ್ಚಬಾರದಿತ್ತೇ” ಎಂದು ನಕ್ಕಳು. ರೋಗ ಬಂದಮೇಲೆ ಆ ಗಂಟಿನ ವಿಷಯವಾಗಿ ಮನೆಯಲ್ಲಿ ಕೇಳಿಸಿದ ಮೊದಲನೆಯ ನಗೆ ಅದು.

ಮೇಷ್ಟರ ಕಣ್ಣಿಗೆ ರುಚಿಸತಕ್ಕ ಇನ್ನೊಂದು ವಿಷಯವುಂಟು. ‘ಬಿ’ ಕೋಶಗಳು ಕ್ರಿಮಿಯನ್ನು ಕಂಡಮೇಲೆ ಕತ್ತು, ಕಂಕುಳುಗಳಲ್ಲಿರುವ ಗ್ರಂಥಿಗಳ ಒಳಗೆ ಕುಳಿತು ತಮ್ಮ ಪ್ರತಿಕಾಯವನ್ನು ತಿದ್ದಿ ತಿದ್ದಿ ಹದಗೊಳಿಸುತ್ತವೆ. ಆ ಕಾಲದಲ್ಲಿ ಅವು ಬೇಕೆಂದೇ ತಮ್ಮ ಬಿಸಿಎಲ್-೨ನ್ನು ನಿಲ್ಲಿಸಿಬಿಡುತ್ತವೆ. ಕಾವಲಿಲ್ಲದೆ ಪರೀಕ್ಷೆಗೆ ಕೂರುತ್ತವೆ. ಚೆನ್ನಾಗಿ ಹಿಡಿಯಬಲ್ಲವು ಉಳಿಯುತ್ತವೆ, ಮಿಕ್ಕವು ಉದುರುತ್ತವೆ. ಸಂಧಿ ತಪ್ಪಿದ ಕೋಶವಾದರೋ ಬಿಸಿಎಲ್-೨ನ್ನು ನಿಲ್ಲಿಸಲಾರದು. ಪರೀಕ್ಷೆಯಲ್ಲಿ ಅದು ಏನು ಬರೆದರೂ ಉತ್ತೀರ್ಣವೇ! ಹಾಗೆ ಉಳಿದುಕೊಂಡ ಕೋಶಗಳಲ್ಲಿ ಮುಂದೆ ಬೇರೆ ತಪ್ಪುಗಳು ಕೂಡಿದಾಗ ರೋಗ ಕಾಣಿಸಿಕೊಳ್ಳುತ್ತದೆ. ಒಂದೇ ತಪ್ಪಿನಿಂದ ರೋಗವಾಗುವುದಿಲ್ಲವೆಂಬುದಕ್ಕೆ ಪ್ರಮಾಣವೇನೆಂದರೆ, ಹದಿನಾಲ್ಕು ಹದಿನೆಂಟರ ಈ ತಪ್ಪುಸಂಧಿಯು ಪೂರ್ಣ ಆರೋಗ್ಯವಂತರಾದ ಅನೇಕರ ರಕ್ತದಲ್ಲಿಯೂ ಹುಡುಕಿದರೆ ಸಿಕ್ಕುತ್ತದೆ. ಜಾತಕವನ್ನು ಹಿಂದಿರುಗಿಸಿದವರ ರಕ್ತದಲ್ಲಿಯೂ ಇರಬಹುದು.

ಕೋಶವನ್ನು ಕಾಯುವುದು ಬಿಸಿಎಲ್-೨ ಒಂದೇ ಎಂದು ತಿಳಿಯಬಾರದು. ೧೯೭೯ರಲ್ಲಿ ಕಂಡುಬಂದ ಪಿ-೫೩ ಎಂಬುದರ ಹೆಸರನ್ನು ಈಗ ಬಹಳ ಮಂದಿ ಕೇಳಿರುತ್ತಾರೆ. ಒಂದೊಂದು ಕೋಶದ ವರ್ಣತಂತುಗಳಲ್ಲಿಯೂ ದಿನಕ್ಕೆ ಹತ್ತು ಸಾವಿರಕ್ಕೂ ಮೀರಿ ಸಣ್ಣ ಹಾನಿಗಳಾಗುತ್ತವೆ. ಹಾನಿಯನ್ನು ತಿದ್ದತಕ್ಕ ಏರ್ಪಾಡುಗಳೂ ಹಲವುಂಟು; ಅವುಗಳನ್ನು ತೋರಿಸಿಕೊಟ್ಟವರಿಗೆ ೨೦೧೫ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಹಾನಿ ಹೆಚ್ಚಿದಾಗ ಪಿ-೫೩ ಮೊದಲು ಕೋಶವನ್ನು ನಿಲ್ಲಿಸುತ್ತದೆ: ಇಬ್ಭಾಗವಾಗಬೇಡ, ತಿದ್ದಿಕೊ, ಆಮೇಲೆ ಮುಂದಕ್ಕೆ ಹೋಗು ಎಂದು. ತಿದ್ದಲಾರದಷ್ಟು ಕೆಟ್ಟಿದ್ದರೆ ಬಿಸಿಎಲ್-೨ರ ಕೈಯನ್ನು ಬಿಡಿಸಿ ಕೋಶವನ್ನು ಉದುರಿಸುತ್ತದೆ. ಮಾನವರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದೇ ಕೆಟ್ಟಿರುತ್ತದೆ. ನಮ್ಮಲ್ಲಿ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪಿ-೫೩ರ ಎರಡು ಪ್ರತಿಗಳಿವೆ. ಆನೆಗೆ ಸುಮಾರು ಇಪ್ಪತ್ತು ಜೋಡಿ ಪ್ರತಿಗಳಿರುವುದು ೨೦೧೫ರಲ್ಲಿ ಪ್ರಕಟವಾಯಿತು. ಅಷ್ಟು ದೊಡ್ಡ ಮೈ, ಅಷ್ಟು ದೀರ್ಘಾಯುಸ್ಸು, ಅಷ್ಟೊಂದು ಕೋಶಗಳು. ಆದರೂ ಆನೆಗೆ ಕ್ಯಾನ್ಸರು ಅಪೂರ್ವ. ಹಾನಿಗೊಂಡ ಆನೆಯ ಕೋಶವು ಮನುಷ್ಯನ ಕೋಶಕ್ಕಿಂತ ಬೇಗನೆ ಪ್ರಾಣ ಬಿಡುತ್ತದೆ. ಕಬ್ಬಿನ ಗದ್ದೆಗೆ ನುಗ್ಗಿದ ಆನೆಯನ್ನು ಕಂಡು ಹೌಹಾರುವ ನಮ್ಮ ಕಾಡಂಚಿನ ಜನಕ್ಕೆ ಈ ಮಾತನ್ನು ಹೇಳಿದರೆ ನಂಬುವರೋ ಕಾಣೆ.

ಬಿಸಿಯ ಏಟಿಗೆ ಸಿಕ್ಕಿದ ಕೋಶವನ್ನು ಕಾಪಾಡುವ ಎಚ್ಎಸ್ಎಫ್-೧ ಎಂಬ ಇನ್ನೊಂದಿದೆ. ೨೦೦೭ರಲ್ಲಿ ಸೂಸನ್ ಲಿಂಡ್‌ಕ್ವಿಸ್ಟ್ ಎಂಬ ವಿದುಷಿಯೂ ಅವರ ಶಿಷ್ಯರೂ ಅದನ್ನು ಇಲಿಗಳಿಂದ ತೆಗೆದುಹಾಕಿ ನೋಡಿದಾಗ, ಆ ಇಲಿಗಳಿಗೆ ಕ್ಯಾನ್ಸರು ಹತ್ತುವುದು ಕಷ್ಟವಾಯಿತು. ನಮ್ಮನ್ನು ಕಾಯುವುದಕ್ಕೆಂದಿರುವ ಏರ್ಪಾಡೇ ಅರ್ಬುದವನ್ನೂ ಕಾಯುತ್ತದೆಂದಾಯಿತು. ಛತ್ರದ ಬಾಗಿಲು ತೆರೆದಿದ್ದರೆ ಯಾತ್ರಿಕನೂ ಬರುವನು, ಕಳ್ಳನೂ ಬರುವನು.

ಹಾಗಾದರೆ ಈ ಕಾವಲನ್ನು ಮುರಿದರೆ ರೋಗ ಹೋಗುವುದಲ್ಲವೆ? ಆ ಪ್ರಯತ್ನವೂ ನಡೆದಿದೆ. ಬಿಸಿಎಲ್-೨ನ್ನೂ ಅದರ ಸೋದರನಾದ ಬಿಸಿಎಲ್-ಎಕ್ಸ್‌ಎಲ್ ಎಂಬುದನ್ನೂ ಒಟ್ಟಿಗೆ ತಡೆಯುವ ಔಷಧಿಯೊಂದನ್ನು ಮೊದಲು ಮಾಡಿದರು. ಕೊಟ್ಟೊಡನೆ ರೋಗಿಗಳ ರಕ್ತದಲ್ಲಿ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಕುಸಿದುಬಿದ್ದವು. ಅವುಗಳ ಆಯುಸ್ಸನ್ನು ಅಳೆದು ಇಟ್ಟಿರುವುದು ಆ ಸೋದರನೇ! ಅನಂತರ ಬಿಸಿಎಲ್-೨ನ್ನು ಮಾತ್ರ ತಡೆಯುವ ವೆನೆಟೊಕ್ಲಾಕ್ಸ್ ಎಂಬುದನ್ನು ಮಾಡಿದರು. ೨೦೧೬ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ರಕ್ತದ ಮತ್ತೊಂದು ಬಗೆಯ ಕ್ಯಾನ್ಸರಿನಲ್ಲಿ ಅದು ಬಹಳ ಗುಣವನ್ನು ತೋರಿಸಿದೆ. ವಿಚಿತ್ರವೇನೆಂದರೆ, ಬಿಸಿಎಲ್-೨ ಮೊದಲು ಸಿಕ್ಕಿದ ಈ ನಮ್ಮ ಮನೆಯ ರೋಗದಲ್ಲಿ ಅದೊಂದರಿಂದಲೇ ಅಷ್ಟು ಫಲ ಕಾಣಲಿಲ್ಲ. ಒಬ್ಬ ಕಾವಲುಗಾರನನ್ನು ಕಟ್ಟಿಹಾಕಿದರೆ ಅವನ ದಾಯಾದಿಗಳು ಆ ಜಾಗಕ್ಕೆ ಬಂದು ನಿಲ್ಲುವುದೂ ಇದಕ್ಕೆ ಒಂದು ಕಾರಣ.

ಈಗ ನನ್ನ ಪತ್ನಿಯ ಪ್ರಶ್ನೆಗೆ ಬರುತ್ತೇನೆ. ಡೆನ್ಮಾರ್ಕಿನ ಯೋಹಾನ್ಸನ್ ಎಂಬವರು ೧೯೦೯ರಲ್ಲಿ ಜೀನ್ ಎಂಬ ಪದವನ್ನು ಗ್ರೀಕ್ ಮೂಲದಿಂದ ಮಾಡಿದರು. ಅದು ನಮ್ಮ ಜನ್ ಧಾತುವಿನ ಜ್ಞಾತಿ. ನಾವು ಅದನ್ನು ವಂಶವಾಹಿಯೆಂದು ಕನ್ನಡಿಸಿದೆವು. ಪದವೇನೋ ಗಂಭೀರವಾಗಿದೆ. ಆದರೆ ಅದು ವಂಶವನ್ನು ಹೊತ್ತು ತರುವ ಒಂದೇ ಕೆಲಸವನ್ನು ಹೇಳುತ್ತದೆ. ಕೋಶದೊಳಗೆ ಕ್ಷಣಕ್ಷಣವೂ ಅದು ಮಾಡುವ ಊಳಿಗವನ್ನು ಹೇಳುವುದಿಲ್ಲ. ತಾಯಿಯ ಮಜ್ಜೆಯ ಒಂದು ಕೋಶದಲ್ಲಿ, ಆಕೆ ಹುಟ್ಟಿದ ಮೇಲೆ ಎಂದೋ ತಪ್ಪಿದ ಸಂಧಿಯು ಆ ಕೋಶದ ಸಂತತಿಗೆ ಮಾತ್ರ ಸೇರಿದುದು. ಅದು ಮಕ್ಕಳಿಗೆ ಇಳಿಯತಕ್ಕದ್ದಲ್ಲ. ಆದರೆ “ವಂಶವಾಹಿಯಲ್ಲಿ ದೋಷ” ಎಂಬ ಎರಡು ಪದಗಳನ್ನು ಕೇಳಿದ ಸಾಮಾನ್ಯನು ವಂಶದೋಷವೆಂದಲ್ಲದೆ ಬೇರೇನೆಂದು ತಿಳಿದಾನು? ನಮ್ಮ ಮನೆಯಲ್ಲಿ ನಡೆದುದರಲ್ಲಿ ಅರ್ಧಪಾಲು ಈ ಸಮಾಸದ್ದು. ಪರಿಭಾಷೆಯನ್ನು ಕಟ್ಟುವ ವಿದ್ವಾಂಸರು ಇದನ್ನು ಯೋಚಿಸಬೇಕೆಂದು ಪ್ರಾರ್ಥಿಸುತ್ತೇನೆ. ಜೀನು ಎಂದೇ ಬರೆದರೆ ಕನ್ನಡಕ್ಕೆ ಕುಂದೇನೂ ಬರದು.

ಪಕ್ಷಪಾತದಿಂದ ಅರ್ಧಸತ್ಯವನ್ನು ಹೇಳಬಾರದು. ನಿಜವಾಗಿ ವಂಶದಲ್ಲಿ ಇಳಿದುಬರುವ ಕ್ಯಾನ್ಸರುಗಳೂ ಉಂಟು. ೧೯೯೦ರಲ್ಲಿ ಮೇರಿ-ಕ್ಲೇರ್ ಕಿಂಗ್ ಎಂಬವರು ಸ್ಥಾನವನ್ನು ಗುರುತಿಸಿದ, ೧೯೯೪ರಲ್ಲಿ ಕೈಗೆ ಸಿಕ್ಕಿದ ಬಿಆರ್‌ಸಿಎ-೧ ಎಂಬುದು ಅಂತಹದು. ತುಂಡಾದ ವರ್ಣತಂತುವನ್ನು ಸರಿಯಾಗಿ ಬೆಸೆಯುವುದು ಅದರ ಸ್ವಧರ್ಮ. ಕೆಟ್ಟ ಪ್ರತಿಯು ತಂದೆಯಿಂದಲೋ ತಾಯಿಯಿಂದಲೋ ಬಂದರೆ ಸ್ತನ ಮತ್ತು ಅಂಡಾಶಯಗಳ ಕ್ಯಾನ್ಸರಿನ ಭಯ ಹೆಚ್ಚು. ಅಂತಹ ಮನೆಗಳಲ್ಲಿ ಪರೀಕ್ಷೆ ಮಾಡಿಸಿಕೊಂಡು ಎಚ್ಚರದಿಂದಿರುವುದು ಪ್ರಾಣವನ್ನು ಉಳಿಸತಕ್ಕ ಸಂಗತಿ, ಮುಚ್ಚಿಡುವುದು ತಿಳಿಗೇಡಿತನ. ಲಿಂಫೋಮಾದಲ್ಲಿಯೂ ಹತ್ತಿರದ ರಕ್ತಸಂಬಂಧಿಗಳಿಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚಾಗಿ ಬರುವುದು ಕಂಡಿದೆ. ಆದರೆ ಒಬ್ಬೊಬ್ಬರ ಮಟ್ಟಿಗೆ ಆ ಹೆಚ್ಚಳ ಅತ್ಯಲ್ಪ. ಇದೆಲ್ಲವನ್ನೂ ಮಗಳ ಮುಂದೆ ಹೇಳಿದೆ. ಈಗ ಯಾರಾದರೂ ಕೇಳಿಕೊಂಡು ಬಂದರೆ, ಕಾಫಿಗೂ ಮುಂಚೆ ವರದಿಯನ್ನು ತಂದಿಟ್ಟು ಅವಳೇ ವಿವರಿಸುತ್ತಾಳೆ. ಹಾಗೆ ವಿವರಿಸಿದಮೇಲೆ ಇಬ್ಬರು ಎದ್ದು ಹೋದರ, ಒಬ್ಬರು ಇನ್ನೂ ಪತ್ರ ಬರೆಯುತ್ತಿದ್ದಾರೆ.

ನಾಲ್ಕು ವರ್ಷ ಕಾದ ಮೇಲೆ, ೨೦೨೩ರ ಮಳೆಗಾಲದಲ್ಲಿ ಕಂಕುಳಲ್ಲಿಯೂ ಹೊಟ್ಟೆಯೊಳಗೂ ಗಂಟುಗಳು ಬೆಳೆದುದು ಕಂಡಿತು. ಆಗ ಚಿಕಿತ್ಸೆ ಪ್ರಾರಂಭವಾಯಿತು. ನಾಲ್ಕು ವಾರಗಳಿಗೊಮ್ಮೆಯಂತೆ ಆರು ಸಲ ಬೆಂಗಳೂರಿಗೆ ಹೋಗಿ ಬಂದೆವು. ಗಂಟುಗಳು ಕರಗಿವೆ. ಪೂರ್ತಿ ಹೋಗಿವೆಯೇ ಎಂದು ಕೇಳಿದುದಕ್ಕೆ ವೈದ್ಯರು, ಕಣ್ಣಿಗೆ ಕಾಣುವಷ್ಟಿಲ್ಲ ಎಂದರು. ಅವರ ಮಾತಿನ ಎಚ್ಚರಿಕೆ ನನಗೆ ಹಿಡಿಸಿತು. ಕಾಣದವು ಎಲ್ಲಿಯೋ ಉಸಿರು ಹಿಡಿದುಕೊಂಡು ಕುಳಿತಿರಬಹುದೆಂಬುದು ನನ್ನ ಪತ್ನಿಗೂ ತಿಳಿದಿದೆ. ದಿನವೂ ಸ್ನಾನವಾದ ಮೇಲೆ ಕತ್ತನ್ನು ಒಮ್ಮೆ ಮುಟ್ಟಿ ನೋಡಿಕೊಂಡು ದೇವರ ಮನೆಗೆ ಹೋಗುತ್ತಾಳೆ. ಮುಂದಿನ ಪರೀಕ್ಷೆ ಮಾಘ ಮಾಸದಲ್ಲಿ.